ವನಭೋಜನಕ್ಕೆ ಹೊರಡುವ ಮುನ್ನ

(ಸಂಘದ ತಿಂಗಳ ಉಪನ್ಯಾಸದ ಲಿಖಿತ ರೂಪ)



ಬರುವ ರವಿವಾರ ನಾವೆಲ್ಲ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ವನಭೋಜನಕ್ಕೆ ಹೊರಟಿದ್ದೇವೆ. ಅದಕ್ಕೆ ಮುನ್ನ ಅಲ್ಲಿ ನೋಡತಕ್ಕ ಸ್ಥಳಗಳ ಬಗೆಗೆ ಹತ್ತು ನಿಮಿಷ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿದರು. ಸರ್ಕಾರಿ ನೌಕರನಿಗೆ ಹತ್ತು ನಿಮಿಷ ಕೊಟ್ಟರೆ ಅವನು ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದುದರಿಂದ ಮೊದಲೇ ಕ್ಷಮೆ ಕೇಳುತ್ತೇನೆ. ಅಲ್ಲದೆ ನೋಡತಕ್ಕ ಸ್ಥಳಗಳನ್ನು ಮಾತ್ರ ಹೇಳಿ ಮುಗಿಸಲು ನನ್ನಿಂದ ಆಗದು. ಆ ಕಾಡಿಗೂ ನನಗೂ ಒಂದು ಹಳೆಯ ಲೆಕ್ಕವಿದೆ. ಅದನ್ನು ಇದುವರೆಗೆ ಯಾವ ಸಭೆಯಲ್ಲಿಯೂ ಹೇಳಿಲ್ಲ.

ನಾನು ಸಾಗರ ತಾಲ್ಲೂಕಿನವನು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ, 1996ರಲ್ಲಿ ಮುಂಬಯಿಗೆ ಬಂದೆ. ಮಲೆನಾಡಿನಿಂದ ಬಂದವನಿಗೆ ಈ ನಗರದಲ್ಲಿ ಮೊದಲು ತಪ್ಪಿಹೋಗುವುದು ಮೌನ. ಕಾಂದಿವಲಿ ಪೂರ್ವದ ಬಾಡಿಗೆ ಮನೆಯಲ್ಲಿ ಮೊದಲ ಕೆಲವು ತಿಂಗಳು ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಒಂದು ದಿನ ಕಚೇರಿಯ ಮರಾಠಿ ಸಹೋದ್ಯೋಗಿಯೊಬ್ಬರು, “ನಿಮ್ಮ ಮನೆಯ ಹಿಂದೆಯೇ ಕಾಡಿದೆಯಲ್ಲ, ಹೋಗಿ ಬನ್ನಿ” ಎಂದರು. ನಾನು ತಮಾಷೆಯೆಂದು ತಿಳಿದೆ. ನಮ್ಮ ಕನ್ನಡ ಸಾಹಿತ್ಯದ ಮುಂಬಯಿಯಲ್ಲಿ ಲೋಕಲ್ ಗಾಡಿಯಿದೆ, ಚಾಳಿದೆ, ಖಾನಾವಳಿಯಿದೆ, ಸಮುದ್ರವಿದೆ. ಕಾಡನ್ನು ಓದಿದ ನೆನಪು ನನಗಿರಲಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ ಕೂಡ ಬೇಟೆ ನಡೆಯುವುದು ಕಾಡಿನಲ್ಲಲ್ಲ, ಕಂಪನಿಯ ಕಚೇರಿಗಳಲ್ಲಿ. ಹೀಗಿರುವಾಗ ನಗರದ ಬೆನ್ನಿಗೇ ಸುಮಾರು 104 ಚದರ ಕಿಲೋಮೀಟರಿನ ಅರಣ್ಯವೊಂದು ಅಂಟಿಕೊಂಡಿದೆಯೆಂದರೆ ನಂಬುವುದು ಹೇಗೆ?

ಹೋಗಿ ನೋಡಿದೆ. ನೀವೂ ರವಿವಾರ ನೋಡುವಿರಿ. ಹೆದ್ದಾರಿಯ ಪಕ್ಕದ ದ್ವಾರದಿಂದ ಒಳಗೆ ಕಾಲಿಟ್ಟ ಮೊದಲ ಅರ್ಧ ಗಂಟೆ ಅದು ಕಾಡೆನಿಸುವುದಿಲ್ಲ. ಮಕ್ಕಳ ಗದ್ದಲ, ಬೆಳಗಿನ ವಾಯುವಿಹಾರಿಗಳ ಹರಟೆ, ಬೈಸಿಕಲ್ಲಿನ ಗಂಟೆ. ಕಾನ್ಹೇರಿಯ ದಾರಿಯಲ್ಲಿ ಮುಂದೆ ಮುಂದೆ ನಡೆದಂತೆ ಮೊದಲು ಹಾರ್ನಿನ ಸದ್ದು ಅಡಗುತ್ತದೆ, ಆಮೇಲೆ ರೈಲಿನ ಸದ್ದು, ಕೊನೆಗೆ ಸದಾ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ನಗರದ ಆ ಹೆಸರಿಲ್ಲದ ಸದ್ದು. ಕುಟ್ರು ಹಕ್ಕಿಯ ಕೂಗು ಕೇಳಿಸುತ್ತದೆ. ಕಾಜಾಣ ಬಾಲದ ಎರಡು ಎಳೆಗಳನ್ನು ತೂಗಾಡಿಸುತ್ತ ಹಾರುತ್ತದೆ. ತೇಗ, ಬೂರುಗ, ಮುತ್ತುಗ ಎಲ್ಲ ಪರಿಚಯದವೇ. ಇಳಿಜಾರಿನ ತುಂಬ ಮರಾಠಿಯಲ್ಲಿ ಕಾರ್ವಿ ಎನ್ನುವ ಗಿಡ. ನಮ್ಮ ಗುರಿಗೆಯ ಬಳಗ. ಎಂಟು ವರ್ಷಕ್ಕೊಮ್ಮೆ ಗುಡ್ಡವೇ ನೇರಳೆಯಾಗುವಂತೆ ಹೂ ಬಿಟ್ಟು ಸಾಯುತ್ತದೆ. 2016ರಲ್ಲಿ ಬಿಟ್ಟಿತ್ತು, 2024ರಲ್ಲಿ ಬಿಟ್ಟಿತು. ಇನ್ನು 2032. ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿ ಕೆಲವು ವರ್ಷ ಕಳೆದಿರುತ್ತದೆ.

ಈ ಕಾರ್ವಿಯ ಕಡ್ಡಿಗಳನ್ನು ಹೆಣೆದು, ಮಣ್ಣು ಸೆಗಣಿ ಮೆತ್ತಿ ಅಲ್ಲಿನ ವಾರಲಿಗಳು ಗೋಡೆ ಕಟ್ಟುತ್ತಿದ್ದರು. ಕಾಡಿನೊಳಗೆ ವಾರಲಿ, ಕೋಕಣಾ, ಮಲ್ಹಾರ ಕೋಳಿ ಮುಂತಾದ ಆದಿವಾಸಿಗಳ ಪಾಡಾಗಳಿವೆ. ಅವರು ಪೂಜಿಸುವ ದೇವರಲ್ಲಿ ವಾಘೋಬಾ ಮುಖ್ಯ. ಹುಲಿ ಚಿರತೆಗಳ ರೂಪದ ದೇವರು. ಮೊದಲ ಬಾರಿ ಆ ಕುಂಕುಮದ ಕಲ್ಲನ್ನು ಕಂಡಾಗ ನಮ್ಮೂರ ಕಡೆಯ ಹುಲಿದೇವರ ಮುಂದೆ ನಿಂತಂತೆಯೇ ಆಯಿತು. ದಕ್ಷಿಣ ಕನ್ನಡದ ಬಂಧುಗಳಿಗೆ ಪಿಲಿಚಾಮುಂಡಿ ನೆನಪಾಗದೆ ಇರದು. ಹುಲಿಯ ಜೊತೆ ಬದುಕಬೇಕಾದವರು ಎಲ್ಲ ಕಡೆಯೂ ಒಂದೇ ಉಪಾಯ ಕಂಡುಕೊಂಡಂತಿದೆ: ಅದಕ್ಕೊಂದು ಪಾಲು ಕೊಟ್ಟು ಮಾತು ಮುಗಿಸುವುದು. ನಗರದವರಾದ ನಮಗೆ ಆ ಉಪಾಯ ಹೊಳೆಯಲಿಲ್ಲ. 2004ರಲ್ಲಿ ಚಿರತೆಗಳ ಬಾಯಿಗೆ ಸಿಕ್ಕಿ ಹಲವರು ಸತ್ತಾಗ, ಅವನ್ನೆಲ್ಲ ಹಿಡಿದು ಬೇರೆಲ್ಲಾದರೂ ಬಿಟ್ಟುಬನ್ನಿ ಎಂಬ ಕೂಗು ಎದ್ದಿತು. ಚಿರತೆಗಳನ್ನು ಅಭ್ಯಾಸ ಮಾಡಿದ ವಿದ್ಯಾ ಅತ್ರೇಯರಂಥವರು ಹೇಳಿದ್ದು ಬೇರೆ. ತನ್ನ ನೆಲದಿಂದ ಕಿತ್ತು ಬೇರೆಡೆ ಬಿಟ್ಟ ಚಿರತೆ ದಿಕ್ಕುತಪ್ಪುತ್ತದೆ. ಕಾಟ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. 2015ರ ಕ್ಯಾಮೆರಾ ಸಮೀಕ್ಷೆಯಲ್ಲಿ ಈ ಕಾಡು ಮತ್ತು ಅದರ ಸುತ್ತಮುತ್ತ 35 ಚಿರತೆಗಳು ಲೆಕ್ಕಕ್ಕೆ ಸಿಕ್ಕಿದ್ದವು. ಹೆದರಬೇಡಿ, ಹಗಲು ಹೊತ್ತಿನಲ್ಲಿ ಅವು ಸಂಘ ಸಂಸ್ಥೆಗಳ ಹತ್ತಿರ ಸುಳಿಯುವುದಿಲ್ಲ.

ಈಗ ಕಾನ್ಹೇರಿ. ಕೃಷ್ಣಗಿರಿ ಎಂಬ ಹಳೆಯ ಹೆಸರೇ ಸವೆದು ಕಾನ್ಹೇರಿಯಾಗಿದೆ. ಕಪ್ಪು ಬಂಡೆಯ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗುಹೆಗಳನ್ನು ಕೊರೆದು ಬೌದ್ಧ ಭಿಕ್ಷುಗಳು ಸುಮಾರು ಒಂದು ಸಾವಿರ ವರ್ಷ ಬಾಳಿದರು. ಸೋಪಾರ, ಕಲ್ಯಾಣ ಬಂದರುಗಳ ವರ್ತಕರು ದಾನ ಮಾಡಿದರು. ಹೆಚ್ಚಿನವರು ದೊಡ್ಡ ಚೈತ್ಯಾಲಯದ ಕಂಬಗಳನ್ನು ನೋಡಿ, ಬುದ್ಧನ ಎದುರು ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದುದು ನೀರಿನ ವ್ಯವಸ್ಥೆ. ಗುಹೆಗುಹೆಯ ಪಕ್ಕದಲ್ಲಿ ಬಂಡೆಯಲ್ಲೇ ಕೊರೆದ ತೊಟ್ಟಿ. ಮಳೆಯ ನೀರನ್ನು ತೊಟ್ಟಿಗೆ ಹರಿಸುವ ಸಣ್ಣ ಸಣ್ಣ ಕಾಲುವೆ. ಹೀಗೊಂದು ತೊಟ್ಟಿಯ ಬಳಿ ಸಾತವಾಹನರ ಕಾಲದ ಶಾಸನವಿದೆ. ಅದರಲ್ಲಿ ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿಯ ಪ್ರಸ್ತಾಪ ಬರುತ್ತದೆ. ಅವಳು ಮಹಾಕ್ಷತ್ರಪನ ಮಗಳು. ಆದರೆ ದಾನ ಕೊಟ್ಟವನು ಒಬ್ಬ ಅಮಾತ್ಯ. ಕೊಟ್ಟದ್ದು ಒಂದು ನೀರಿನ ತೊಟ್ಟಿ. ರಾಣಿಯ ಕುಲ ಗೋತ್ರ ಏನೇ ಇರಲಿ, ಹದಿನೆಂಟು ಶತಮಾನಗಳ ಬಳಿಕವೂ ಮಳೆಗಾಲದಲ್ಲಿ ಅಲ್ಲಿನ ತೊಟ್ಟಿಗಳು ತುಂಬುತ್ತವೆ.

ಕನ್ನಡಿಗರಾದ ನಮ್ಮ ಮೈ ಜುಮ್ಮೆನ್ನಿಸುವ ಶಾಸನಗಳೂ ಇಲ್ಲಿವೆ. ಶಕ 765, 775 ಮತ್ತು 799ರವು, ಅಂದರೆ ಕ್ರಿ.ಶ. 843ರಿಂದ 877ರವರೆಗಿನವು. ಮೂರರಲ್ಲೂ ಚಕ್ರವರ್ತಿಯಾಗಿ ಹೆಸರಿಸಲ್ಪಟ್ಟವನು ಅಮೋಘವರ್ಷ. ಕವಿರಾಜಮಾರ್ಗದ ನಮ್ಮ ನೃಪತುಂಗ. ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು, ಪುಲ್ಲಶಕ್ತಿ ಮತ್ತು ಅವನ ನಂತರ ಎರಡನೆಯ ಕಪರ್ದಿ, ಆಳುತ್ತಿದ್ದರು. ಮೊದಲ ಸಲ ಆ ಬಂಡೆಯ ಮುಂದೆ ನಿಂತಾಗ ನನ್ನ ಎದೆ ಉಬ್ಬಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆ ವಯಸ್ಸು ಅಂಥದು. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳಿದ ನಾಡು ಇಲ್ಲಿಯವರೆಗೂ ಕೈಚಾಚಿತ್ತಲ್ಲ ಎಂದು ಹೆಮ್ಮೆಪಟ್ಟೆ. ಇಂದಿಗೂ ನಮ್ಮ ಕೆಲವು ಭಾಷಣಕಾರರು ಇದೇ ಶಾಸನವನ್ನು ಹಿಡಿದು ಮುಂಬಯಿಯ ಮೇಲೆ ನಮ್ಮ ಹಕ್ಕು ಸಾಧಿಸುವ ಧಾಟಿಯಲ್ಲಿ ಮಾತನಾಡುವುದುಂಟು. ಅವರು ಶಾಸನವನ್ನು ಪೂರ್ತಿ ಓದಿದವರಲ್ಲ. ಮೊದಲನೆಯದಾಗಿ ಅದರ ಭಾಷೆ ಸಂಸ್ಕೃತ. ಎರಡನೆಯದಾಗಿ, ಅದರಲ್ಲಿ ರಾಜ ಇರುವುದು ಕಾಲವನ್ನು ಗುರುತಿಸುವುದಕ್ಕೆ ಮಾತ್ರ. ನಿಜವಾದ ವಿಷಯ ದಾನಿಯದು. 853ರ ಸುಮಾರಿನ ಶಾಸನದ ದಾನಿ ಅವಿಘ್ನಾಕರನೆಂಬವನು. ಅವನು ಕನ್ನಡಿಗನೂ ಅಲ್ಲ, ಕೊಂಕಣಿಗನೂ ಅಲ್ಲ. ಗೌಡದೇಶದವನು, ಎಂದರೆ ಬಂಗಾಳದ ಕಡೆಯವನು. ನಮ್ಮ ಹಾಗೆಯೇ ದೂರದಿಂದ ಬಂದವನು. ಭಿಕ್ಷುಗಳಿಗೆ ಧ್ಯಾನಕ್ಕೆಂದು ಕೋಣೆಗಳನ್ನು ಮಾಡಿಸಿ, ಅವರ ಬಟ್ಟೆಗೆಂದು ನೂರು ದ್ರಮ್ಮಗಳನ್ನು ಶಾಶ್ವತ ನಿಧಿಯಾಗಿ ಇಟ್ಟ. ಯಾರದೋ ನಾಡಿನ ಯಾರದೋ ಬೆಟ್ಟದಲ್ಲಿ, ತಾನು ಕಾಣದ ಮುಂದಿನವರ ಬಟ್ಟೆಗಾಗಿ! ಲೆಕ್ಕಪತ್ರದ ಕೆಲಸದವನಾದ ನನಗೆ ಈ ನಿಧಿಯ ಮಾತು ಬಹಳ ಕಾಡಿದೆ. ಇನ್ನೊಂದು ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದುಹೋದ ಪಾರಸಿಗಳು ತಮ್ಮ ಹೆಸರುಗಳನ್ನು ಪಹ್ಲವಿ ಲಿಪಿಯಲ್ಲಿ ಕೆತ್ತಿಹೋಗಿದ್ದಾರೆ. ಮುಂಬಯಿಯಲ್ಲಿ ಹೊರಗಿನವರ ಹಾಜರಿಪುಸ್ತಕ ಅಷ್ಟು ಹಳೆಯದು.

ಹೆಸರು ಬರೆಸಿಕೊಳ್ಳುವ ಈ ವಿಷಯವೇ ನಾನು ಹೇಳಬೇಕೆಂದಿದ್ದ ಹಳೆಯ ಲೆಕ್ಕಕ್ಕೆ ದಾರಿ.

1998ರಲ್ಲಿ ನಮ್ಮ ಕಾಂದಿವಲಿಯ ಮನೆಗೆ ಪಾತ್ರೆ ತೊಳೆಯಲು ಒಬ್ಬ ಹೆಂಗಸು ಬರುತ್ತಿದ್ದಳು. ಕಲಬುರ್ಗಿ ಜಿಲ್ಲೆಯ ಸೇಡಂ ತಾಲ್ಲೂಕಿನವಳು. ಗಂಡ ನಾಕಾದಲ್ಲಿ ನಿಂತು ಕಟ್ಟಡದ ಕೂಲಿಗೆ ಹೋಗುತ್ತಿದ್ದ. ಅವರ ಗುಡಿಸಲು ಕಾಡಿನ ಅಂಚಿನ ಗುಡ್ಡದ ಮೇಲಿತ್ತು. ನನ್ನ ಹೆಂಡತಿ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದಳು. ಊರಿನ ಮಾತು ಬಂದಾಗ ಅವಳ ಹಳ್ಳಿ ಮಳಖೇಡದಿಂದ ಮೂರು ಹರದಾರಿ ಎಂದು ತಿಳಿಯಿತು. ಮಳಖೇಡವೆಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷನ ಪಟ್ಟಣ. ನಾನು ಉತ್ಸಾಹದಿಂದ ಅವಳಿಗೆ ಕಾನ್ಹೇರಿಯ ಕಥೆ ಹೇಳಿದೆ. ನಿಮ್ಮೂರ ಅರಸನ ಹೆಸರು ನಿಮ್ಮ ಗುಡಿಸಲಿನ ಮೇಲಿನ ಬೆಟ್ಟದಲ್ಲಿ ಸಾವಿರದ ನೂರು ವರ್ಷದಿಂದ ಇದೆ ಎಂದೆ. ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

ಅದಕ್ಕೆ ಮುಂಚಿನ ವರ್ಷ, 1997ರ ಮೇ ತಿಂಗಳಲ್ಲಿ, ರಾಷ್ಟ್ರೀಯ ಉದ್ಯಾನದೊಳಗಿನ ಅತಿಕ್ರಮಣಗಳನ್ನು ತೆರವು ಮಾಡಬೇಕೆಂದು ಮುಂಬಯಿ ಹೈಕೋರ್ಟಿನ ಆದೇಶವಾಗಿತ್ತು. ಪರಿಸರಕ್ಕಾಗಿ ದುಡಿಯುವ ಸಂಸ್ಥೆಯೊಂದು 1995ರಲ್ಲಿ ಹೂಡಿದ ಮೊಕದ್ದಮೆ ಅದು. ಹತ್ತಾರು ಸಾವಿರ ಗುಡಿಸಲುಗಳ ಪ್ರಶ್ನೆ. 1995ರ ಜನವರಿ ಒಂದರ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು 7,000 ರೂಪಾಯಿ ಕಟ್ಟಿದರೆ ಬೇರೆಡೆ ವಸತಿ. ಇಲ್ಲದವರಿಗೆ ಏನೂ ಇಲ್ಲ. ನನ್ನ ಮಾತು ತಪ್ಪಾಗಿ ಕೇಳಿಸಬಾರದು. ಆ ಮೊಕದ್ದಮೆ ಇಲ್ಲದಿದ್ದರೆ ಈ ರವಿವಾರ ನಾವು ಹೋಗಲು ಕಾಡು ಉಳಿದಿರುತ್ತಿತ್ತೋ ಇಲ್ಲವೋ ಹೇಳಲಾರೆ. ಗುಡ್ಡಗಳನ್ನು ತುಂಡು ತುಂಡಾಗಿ ಮಾರಿ ಬಡವರಿಂದ ಹಣ ಎತ್ತುತ್ತಿದ್ದ ದಲ್ಲಾಳಿಗಳನ್ನು ನಾನೇ ಕಂಡಿದ್ದೇನೆ.

ಒಂದು ಬೆಳಿಗ್ಗೆ ಅವಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳನ್ನು ತಂದಳು. ರೇಷನ್ ಕಾರ್ಡಿತ್ತು. ಪಟ್ಟಿಯಲ್ಲಿ ಹೆಸರಿರಲಿಲ್ಲ, ಪಟ್ಟಿ ಬರೆಯುವಾಗ ಅವಳು ಹೆರಿಗೆಗೆಂದು ಊರಿಗೆ ಹೋಗಿದ್ದಳಂತೆ. ಗಂಡನ ಹೆಸರನ್ನು ಬೇರೇನೋ ಬರೆದಿದ್ದರು. ಇವರಿಬ್ಬರೂ ಆ ಗುಡಿಸಲಿನಲ್ಲಿ ಅಂದಿನಿಂದಲೇ ವಾಸವಾಗಿದ್ದರು ಎಂದು ದೊಡ್ಡ ಅಧಿಕಾರಿಯೊಬ್ಬರು ಬರೆದು ಸಹಿ ಮಾಡಿದರೆ ಅರ್ಜಿಯ ಜೊತೆ ಲಗತ್ತಿಸಬಹುದೆಂದು ಯಾರೋ ಹೇಳಿದ್ದರು. ಅವಳು ಹೇಳಿದ ಮಾತು ಇಂದಿಗೂ ಹಾಗೆಯೇ ನೆನಪಿದೆ: “ಅರಸನ ಹೆಸರು ಕಲ್ಲಿನ್ಯಾಗ ಅದ ಅಂದ್ರಿ. ನಂದೂ ಒಂದು ಕಾಗದದ ಮ್ಯಾಲ ಬರದು ಕೊಡ್ರಿ, ಸಾಹೇಬ್ರ.”

ನಾನು ಕೊಡಲಿಲ್ಲ. 1996ರಲ್ಲಿ ಈ ನಗರಕ್ಕೆ ಬಂದವನು 1995ರ ವಾಸವನ್ನು ದೃಢೀಕರಿಸುವುದು ಹೇಗೆ? ನಿಯಮದ ಪ್ರಕಾರ ನಾನು ಸರಿ. ಇಂದು ಕೇಳಿದರೂ ಸುಳ್ಳು ದೃಢೀಕರಣಕ್ಕೆ ಸಹಿ ಹಾಕಲಾರೆ. ಆದರೆ ಮಾಡಬಹುದಾದ ಬೇರೆ ಕೆಲಸಗಳಿದ್ದವು. ಗಂಡನ ಹೆಸರಿನ ತಪ್ಪನ್ನು ತಿದ್ದಿಸಲು ಅರ್ಜಿ ಬರೆದುಕೊಡಬಹುದಿತ್ತು. ಊರಿನ ಆಸ್ಪತ್ರೆಯಿಂದ ಹೆರಿಗೆಯ ದಾಖಲೆ ತರಿಸಬಹುದಿತ್ತು. ವಕೀಲರಾದ ನಮ್ಮ ಸಂಘದ ಸದಸ್ಯರೊಬ್ಬರ ಬಳಿಗೆ ಕಳಿಸಬಹುದಿತ್ತು. ಮುಂದಿನ ವಾರ ನೋಡೋಣ ಎಂದೆ. ಆ ಮುಂದಿನ ವಾರ ಕಚೇರಿಯಲ್ಲಿ ಆಡಿಟ್ ಇತ್ತು. ಮಳೆ ನಿಂತ ಮೇಲೆ ತೆರವಿನ ದಳ ಗುಡ್ಡ ಹತ್ತಿತು. ಅವಳು ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು ಉಳಿದ ಸಂಬಳ ತೆಗೆದುಕೊಂಡು, ನಾಲಾಸೋಪಾರಾ ಕಡೆ ಹೋಗುತ್ತೇವೆ ಎಂದು ನನ್ನ ಹೆಂಡತಿಗೆ ಹೇಳಿ ಹೋದಳು. ನನ್ನ ಮೇಲೆ ಅವಳಿಗೆ ಸಿಟ್ಟಿತ್ತೋ ಇಲ್ಲವೋ ತಿಳಿಯದು. ಆ ಹೊತ್ತು ನಾನು ಸ್ನಾನದ ಮನೆಯಲ್ಲಿದ್ದೆ, ಬೇಕೆಂದೇ ತಡಮಾಡಿದೆ.

ಇದು ನನಗೆ ಇನ್ನೂ ಹೆಚ್ಚು ನಾಚಿಕೆಗೇಡು. ಏಕೆಂದರೆ ನಮ್ಮ ತಂದೆಯ ಊರು ಶರಾವತಿಯ ಹಿನ್ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಗದ್ದೆ ತೋಟ ಬಿಟ್ಟು ಬಂದವರು ನಾವು. ಹಾಗೆ ಬಂದ ಎಷ್ಟೋ ಕುಟುಂಬಗಳಿಗೆ ಸರ್ಕಾರ ತೋರಿಸಿದ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿದು, ಹಕ್ಕುಪತ್ರದ ತಕರಾರು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಮುಂದುವರಿದಿದೆ. ಪಟ್ಟಿಯಲ್ಲಿ ಹೆಸರಿಲ್ಲದಿರುವುದೆಂದರೆ ಏನೆಂದು ನನಗೆ ಯಾರೂ ವಿವರಿಸಬೇಕಾದ ಅಗತ್ಯವಿರಲಿಲ್ಲ.

2011ರಲ್ಲಿ ಇಲಾಖೆಯ ತರಬೇತಿಗೆಂದು ಕೆಲವು ವಾರ ಲಂಡನ್ನಿಗೆ ಹೋಗಿದ್ದೆ. ಒಂದು ರವಿವಾರ ಭೂಗರ್ಭ ರೈಲಿನಲ್ಲಿ ಲೌಟನ್ ಎಂಬ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಎಪ್ಪಿಂಗ್ ಅರಣ್ಯಕ್ಕೆ ನಡೆದೆ. ಇಂಗ್ಲಿಷರ ಕಾಡಿನ ಮೌನ ನಮ್ಮದರಂತಲ್ಲ. ಜೀರುಂಡೆಯಿಲ್ಲ, ಕೋತಿಯಿಲ್ಲ, ಒದ್ದೆ ಎಲೆಗಳ ಮೇಲೆ ನಮ್ಮದೇ ಹೆಜ್ಜೆಯ ಸದ್ದು. ಬೀಚ್ ಮರಗಳ ಆಕಾರ ನೋಡಿ ಬೆರಗಾದೆ. ಆಳೆತ್ತರದವರೆಗೆ ಒಂದೇ ಕಾಂಡ. ಅಲ್ಲಿಂದ ಮೇಲೆ ಹತ್ತು ಹನ್ನೆರಡು ದಪ್ಪ ಕೊಂಬೆಗಳು ಒಟ್ಟಿಗೆ ಎದ್ದು ನಿಂತಿವೆ. ಅವು ಹಾಗೆ ಬೆಳೆದವಲ್ಲ. ನೂರಾರು ವರ್ಷ ಹಳ್ಳಿಯ ಬಡವರು ಚಳಿಗಾಲದ ಉರುವಲಿಗಾಗಿ ಅವನ್ನು ಆ ಎತ್ತರದಲ್ಲಿ ಸವರುತ್ತಿದ್ದರು. ನಮ್ಮ ಸೊಪ್ಪಿನಬೆಟ್ಟದ ಮರಗಳಿದ್ದಂತೆ.

ಆ ಸವರುವ ಹಕ್ಕಿಗೂ ಒಂದು ಚರಿತ್ರೆಯಿದೆ. 1860ರ ದಶಕದಲ್ಲಿ ಲೌಟನ್ನಿನ ಜಮೀನುದಾರರು ಕಾಡಿಗೆ ಬೇಲಿ ಹಾಕಿದರು. ಥಾಮಸ್ ವಿಲ್ಲಿಂಗೇಲ್ ಎಂಬ ಮುದುಕ ಮತ್ತು ಅವನ ಮನೆಯವರು ಹಳೆಯ ಪದ್ಧತಿಯಂತೆ ಕೊಂಬೆ ಕಡಿದರು. 1866ರಲ್ಲಿ ಆ ಕುಟುಂಬದ ಮೂವರು ದಂಡ ಕಟ್ಟದೆ ಜೈಲಿಗೆ ಹೋದರು. ಸುದ್ದಿ ಲಂಡನ್ನಿನವರೆಗೆ ಮುಟ್ಟಿತು. ಲಂಡನ್ ನಗರದ ಕಾರ್ಪೊರೇಷನ್ನಿಗೆ ಆ ಭಾಗದಲ್ಲಿ ಸ್ಮಶಾನಕ್ಕೆಂದು ಕೊಂಡ ಒಂದಿಷ್ಟು ನೆಲವಿತ್ತು. ಆ ನೆಲದ ಬಲದಿಂದ ತಾನೂ ಕಾಡಿನ ಹಕ್ಕುದಾರನೆಂದು ಅದು ಮೊಕದ್ದಮೆ ಹೂಡಿ 1874ರಲ್ಲಿ ಗೆದ್ದಿತು. 1878ರಲ್ಲಿ ಕಾನೂನಾಗಿ ಇಡೀ ಕಾಡು ಸಾರ್ವಜನಿಕರದಾಯಿತು. ಆದರೆ ಹೊಸ ವ್ಯವಸ್ಥೆಯಲ್ಲಿ ಕೊಂಬೆ ಕಡಿಯುವಂತಿರಲಿಲ್ಲ. ಯಾರು ಜೈಲಿಗೆ ಹೋಗಿ ಕಾಡನ್ನು ಉಳಿಸಿದರೋ ಅವರ ಹಕ್ಕೇ ಹೋಯಿತು! ಆದರೂ ಅದನ್ನು ಸುಮ್ಮನೆ ಕಿತ್ತುಕೊಳ್ಳಲಿಲ್ಲ. ಹಕ್ಕಿಗೆ ಬೆಲೆ ಕಟ್ಟಿ ಪರಿಹಾರ ಕೊಟ್ಟರು. ಆ ಹಣದಲ್ಲಿ ಊರಿನವರಿಗಾಗಿ ಒಂದು ಸಭಾಭವನ ಕಟ್ಟಿದರು. 1884ರಿಂದ ಅದು ಅಲ್ಲಿದೆ. ಹೆಸರು ಲಾಪಿಂಗ್ ಹಾಲ್. ಕೊಂಬೆ ಸವರುವವರ ಭವನ ಎಂದಂತೆ. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಇಂಗ್ಲಿಷರು ನಮ್ಮ ಕಾಡುಗಳಲ್ಲಿ ಹೀಗೆ ನಡೆದುಕೊಳ್ಳಲಿಲ್ಲ ಎಂಬುದು ನಿಜ. ಅದೇ ವರ್ಷ, 1878ರಲ್ಲಿಯೇ, ಇಲ್ಲಿ ಬಂದ ಅವರ ಅರಣ್ಯ ಕಾಯಿದೆ ಜನರ ಹಕ್ಕುಗಳನ್ನು ಕಿರಿದು ಮಾಡಿತು. ಆದರೂ ಕಳೆದುಹೋದದ್ದರ ಹೆಸರನ್ನು ಕಟ್ಟಡದ ಮೇಲೆ ಬರೆಯುವಷ್ಟು ಲೆಕ್ಕದ ಪ್ರಾಮಾಣಿಕತೆ ತಮ್ಮವರ ಮಟ್ಟಿಗಾದರೂ ಅವರಲ್ಲಿತ್ತು.

ನಾನು ಆ ಭವನದ ಮುಂದೆ ನಿಂತಿದ್ದಾಗ ನನ್ನ ಸ್ವಂತ ಮನೆ ಕಾನೂನಿನ ದೃಷ್ಟಿಯಲ್ಲಿ ಕಾಡಾಗಿತ್ತು. ಇಲ್ಲಿ ಮುಲುಂಡಿನಿಂದ ಬಂದವರು ಕೆಲವರಿದ್ದೀರಿ, ನಿಮಗೆ ಗೊತ್ತಿದೆ. 2003ರಲ್ಲಿ ಸಾಲ ಮಾಡಿ ಅಲ್ಲಿ ಎರಡು ಕೋಣೆಯ ಮನೆ ಕೊಂಡೆ. 2006ರಲ್ಲಿ ನಮ್ಮ ಸೊಸೈಟಿಯ ಸಾತ್‌ಬಾರಾ ಉತಾರೆಯಲ್ಲಿ ‘ಖಾಸಗಿ ಅರಣ್ಯ’ ಎಂದು ನಮೂದಾಯಿತು. 1950ರ ದಶಕದಲ್ಲಿ ಹೊರಟ ಹಳೆಯ ನೋಟೀಸುಗಳ ಮತ್ತು 1975ರ ಖಾಸಗಿ ಅರಣ್ಯ ಸ್ವಾಧೀನ ಕಾಯಿದೆಯ ಆಧಾರದ ಮೇಲೆ ನಮ್ಮ ಅಡಿಗೆಮನೆ ಸರ್ಕಾರದ ಅರಣ್ಯವಾಯಿತು. 2008ರಲ್ಲಿ ಹೈಕೋರ್ಟಿನಲ್ಲಿ ನಮ್ಮ ಕಡೆಯವರು ಸೋತರು. ಮನೆ ಮಾರುವಂತಿಲ್ಲ, ಅದರ ಮೇಲೆ ಸಾಲ ಎತ್ತುವಂತಿಲ್ಲ. ರಾತ್ರಿ ನಿದ್ದೆಯಿಲ್ಲ. ಆಗ ನಾವು ಏನು ಮಾಡಿದೆವು? ಸಭೆ ಸೇರಿದೆವು, ವಂತಿಗೆ ಎತ್ತಿದೆವು, ಹಿರಿಯ ವಕೀಲರನ್ನು ಹಿಡಿದೆವು. ನಾನೇ ಎಷ್ಟು ಪ್ರಮಾಣಪತ್ರಗಳಿಗೆ ಸಹಿ ಹಾಕಿದೆನೋ ಲೆಕ್ಕವಿಲ್ಲ. ಯಾವ ಆಡಿಟ್ ಕೂಡ ಅಡ್ಡ ಬರಲಿಲ್ಲ. 2014ರ ಜನವರಿ 30ರಂದು ಸುಪ್ರೀಂ ಕೋರ್ಟು ಆ ಹಳೆಯ, ನೆನೆಗುದಿಗೆ ಬಿದ್ದ ನೋಟೀಸುಗಳ ಬಲದ ಮೇಲೆ ನೆಲವನ್ನು ಅರಣ್ಯವೆನ್ನಲಾಗದು ಎಂದು ತೀರ್ಪಿತ್ತಿತು. ಸೊಸೈಟಿಯಲ್ಲಿ ಪೇಡೆ ಹಂಚಿದೆವು. ತೀರ್ಪು ಸರಿಯೆಂದೇ ನಂಬಿದ್ದೇನೆ. ಆದರೆ ಪೇಡೆ ತಿನ್ನುವಾಗ ಪ್ಲಾಸ್ಟಿಕ್ ಚೀಲದ ಆ ಕಾಗದಗಳು ನೆನಪಾದವು. ನಮ್ಮ ಎರಡು ಮನೆಗಳಿಗೂ ಕಾನೂನು ಕೇಳಿದ್ದು ಕಾಗದವನ್ನೇ. ನನ್ನ ಕಾಗದವನ್ನು ಓದುವವರಿದ್ದರು.

1997ರ ಆದೇಶದ ನಂತರ ಬದಲಿ ವಸತಿಗಾಗಿ ಕಾಯುತ್ತಲೇ ಇದ್ದ ಅನೇಕ ಕುಟುಂಬಗಳು ಮಾಲಾಡದ ಗುಡ್ಡದ ಮೇಲಿದ್ದವು. 2019ರ ಜುಲೈ 2ರ ಮಧ್ಯರಾತ್ರಿ ಮಳೆಗೆ ಅಲ್ಲಿನ ಜಲಾಶಯದ ಗೋಡೆ ಕುಸಿದು ಸುಮಾರು ಮೂವತ್ತು ಮಂದಿ ಸತ್ತರು. ಇಪ್ಪತ್ತೆರಡು ವರ್ಷ ಕಾದವರು. ಅದೇ ವರ್ಷ ಅಕ್ಟೋಬರ್ 4ರ ರಾತ್ರಿ, ಹೈಕೋರ್ಟು ತಕರಾರು ಅರ್ಜಿಗಳನ್ನು ವಜಾ ಮಾಡಿದ ಕೆಲವೇ ಗಂಟೆಗಳಲ್ಲಿ, ಆರೆಯಲ್ಲಿ ಮೆಟ್ರೊ ಕಾರ್‌ಶೆಡ್ಡಿಗಾಗಿ ಮರಗಳನ್ನು ಕಡಿಯಲು ತೊಡಗಿದರು. ಸುಪ್ರೀಂ ಕೋರ್ಟು ಏಳನೆಯ ತಾರೀಖು ತಡೆಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮರಗಳು ನೆಲಕ್ಕುರುಳಿದ್ದವು. ಆ ಮೆಟ್ರೊದ ತಂಪಿನಲ್ಲಿ ನಾನೂ ಪ್ರಯಾಣ ಮಾಡಿದ್ದೇನೆ, ಸುಖವಾಗಿದೆ. 2024ರ ಜುಲೈಯಲ್ಲಿ ಠಾಣೆಯಿಂದ ಬೋರಿವಲಿಗೆ ಇದೇ ಉದ್ಯಾನದ ಕೆಳಗಿನಿಂದ ಹೋಗುವ ಅವಳಿ ಸುರಂಗಕ್ಕೆ ಭೂಮಿಪೂಜೆಯಾಯಿತು. ಅದರಲ್ಲಿಯೂ ನಾವೇ ಹೋಗುವವರು.

ನೀರಿನ ಮಾತು ಹೇಳದೆ ಹೋದರೆ ತಪ್ಪಾದೀತು. 1850ರ ದಶಕದಲ್ಲಿ ಮುಂಬಯಿಯ ಬಾವಿ ಕೆರೆಗಳು ಸಾಲದೆ ಹಾಹಾಕಾರವೆದ್ದಾಗ ಮಿಠಿ ನದಿಗೆ ಕಟ್ಟೆ ಕಟ್ಟಿ ವಿಹಾರ ಸರೋವರ ಮಾಡಿದರು. 1860ರಲ್ಲಿ ಅದರ ನೀರು ನಗರಕ್ಕೆ ಹರಿಯಿತು. 1879ರಲ್ಲಿ ತುಳಸಿ ಸರೋವರ. ಇಂದು ನಗರಕ್ಕೆ ನೀರು ಕೊಡುವ ಏಳು ಕೆರೆಗಳಲ್ಲಿ ಇವೆರಡೇ ಅತಿ ಚಿಕ್ಕವು. ಆದರೆ ಹೆಚ್ಚು ಕಡಿಮೆ ನೂರು ವರ್ಷದ ಹಿಂದೆ ನಮ್ಮ ಕರಾವಳಿಯ ಹುಡುಗರು ಹಡಗಿನಲ್ಲಿ ಬಂದು ಫೋರ್ಟಿನ ಹೋಟೆಲುಗಳಲ್ಲಿ ಕಪ್ಪು ತೊಳೆದು, ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತಾಗ, ಆ ಕಪ್ಪಿನ ನೀರಿನಲ್ಲಿ ಈ ಕಾಡಿನ ಪಾಲೂ ಇತ್ತು. ಈ ಸಭಾಭವನಕ್ಕೆ ಇಟ್ಟಿಗೆ ಇಟ್ಟವರು ಅವರು. ಅವಿಘ್ನಾಕರನ ಹಾಗೆ ಕಾಣದ ಮುಂದಿನವರಿಗಾಗಿ ಇಟ್ಟರು.

ನನ್ನ ಒಂದು ಸೂಚನೆಯನ್ನು ಕಾರ್ಯಕಾರಿ ಸಮಿತಿಯ ಮುಂದೆ ಲಿಖಿತವಾಗಿ ಇಟ್ಟಿದ್ದೇನೆ. ತಿಂಗಳಿಗೊಂದು ರವಿವಾರ, ಬೆಳಿಗ್ಗೆ ಎರಡು ಗಂಟೆಯ ಹೊತ್ತು, ಈ ಸಭಾಭವನದಲ್ಲಿ ಎರಡು ಮೇಜು ಹಾಕೋಣ. ನಮ್ಮಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ನನ್ನಂಥ ನೌಕರರಿದ್ದಾರೆ. ಅರ್ಜಿ ಬರೆಸಿಕೊಳ್ಳುವವರು, ಹೆಸರಿನ ತಪ್ಪು ತಿದ್ದಿಸಬೇಕಾದವರು ಬರಲಿ. ಕಲಬುರ್ಗಿ ವಿಜಾಪುರ ಕಡೆಯ ಕೂಲಿಕಾರರು ಈ ನಗರದಲ್ಲಿ ಸಾವಿರಗಟ್ಟಲೆ ಇದ್ದಾರೆ. ಅವರು ನಮ್ಮ ಸಂಘದ ಸದಸ್ಯರಲ್ಲ, ನಮ್ಮ ನಾಟಕಕ್ಕೆ ಬರುವವರಲ್ಲ. ಪಾಡಾಗಳ ಆದಿವಾಸಿಗಳಿಗೆ ಅರಣ್ಯ ಹಕ್ಕು ಕಾಯಿದೆ 2006ರಲ್ಲೇ ಬಂದಿದೆ. ಅರ್ಜಿಯ ಭಾಷೆ ಅವರಿಗೂ ಕಷ್ಟವೇ. ಮರಾಠಿ ಬರೆಯಬಲ್ಲವರು ನಮ್ಮಲ್ಲಿ ಕಡಿಮೆಯಿಲ್ಲ. ಸುಳ್ಳು ಸಹಿ ಯಾರೂ ಹಾಕಬೇಕಾಗಿಲ್ಲ. ಮುಂದಿನ ವಾರ ನೋಡೋಣ ಎನ್ನದಿದ್ದರೆ ಸಾಕು. ಮೊದಲ ಮೇಜಿಗೆ ನಾನು ಕುಳಿತುಕೊಳ್ಳುತ್ತೇನೆ.

ಇನ್ನು ರವಿವಾರದ ವಿಷಯ. ಬೋರಿವಲಿ ಪೂರ್ವದ ಮುಖ್ಯ ದ್ವಾರದ ಬಳಿ ಬೆಳಿಗ್ಗೆ ಏಳೂವರೆಗೆ ಎಲ್ಲರೂ ಸೇರತಕ್ಕದ್ದು. ಒಳಗೆ ಒಲೆ ಹಚ್ಚುವಂತಿಲ್ಲ. ಆದುದರಿಂದ ಬಿಸಿಬೇಳೆಭಾತು, ಮೊಸರನ್ನ ಮನೆಯಿಂದಲೇ ಬರಬೇಕು. ಎಲೆ, ದೊನ್ನೆ ಸಾಕು; ಪ್ಲಾಸ್ಟಿಕ್ ತಟ್ಟೆ ಬೇಡ. ಕೋತಿಗಳಿಗೆ ಚಕ್ಕುಲಿ ಎಸೆಯಬೇಡಿ. ಮಂಡಿ ನೋವಿನವರಿಗೆ ಕಾನ್ಹೇರಿಯವರೆಗೆ ಬಸ್ಸಿದೆ, ನಡೆಯುವವರಿಗೆ ಆರು ಕಿಲೋಮೀಟರು. ನಾನು ನಡೆಯುವವರ ಜೊತೆ ಇರುತ್ತೇನೆ. ಶಾಸನದ ಗುಹೆಗಳ ಹತ್ತಿರ ಹತ್ತೂವರೆಗೆ ಸೇರೋಣ. ಅಲ್ಲಿ ನೃಪತುಂಗನ ಹೆಸರನ್ನೂ ಅವಿಘ್ನಾಕರನ ಹೆಸರನ್ನೂ ತೋರಿಸುತ್ತೇನೆ. ಅಕ್ಷರ ಸವೆದಿದೆ, ಬಿಸಿಲು ಓರೆಯಾಗಿ ಬೀಳುವಾಗಲೇ ನೋಡಬೇಕು. ತಡಮಾಡಬೇಡಿ.